ಕುಕ್ಕೆಯಿಂದ ಗೋಕರ್ಣದವರೆಗೆ ರಸ್ತೆಯಲ್ಲಿ ಕ್ಷೇತ್ರಯಾತ್ರೆ: ಪದೇ ಪದೇ ಕೇಳುವ ಪ್ರಶ್ನೆಗಳು

ಬೆಂಗಳೂರಿನಿಂದ ಹೊರಟು ಮಲೆನಾಡು, ಕರಾವಳಿಯ ಕ್ಷೇತ್ರಗಳನ್ನು ಒಂದೇ ಪ್ರವಾಸದಲ್ಲಿ ನೋಡಿಬರುವವರಿಗಾಗಿ ಈ ಪ್ರಶ್ನೋತ್ತರ. ಕಾರು, ಟೆಂಪೋ ಟ್ರಾವೆಲರ್, ಮಿನಿ ಬಸ್ಸು ಯಾವುದರಲ್ಲಿ ಹೋದರೂ ಲೆಕ್ಕಾಚಾರ ಹೆಚ್ಚುಕಡಿಮೆ ಇದೇ.

ಎಲ್ಲ ಕ್ಷೇತ್ರಗಳನ್ನೂ ನೋಡಲು ಎಷ್ಟು ದಿನ ಬೇಕು?

ಕುಕ್ಕೆ, ಧರ್ಮಸ್ಥಳ, ಹೊರನಾಡು, ಶೃಂಗೇರಿ, ಉಡುಪಿ, ಕೊಲ್ಲೂರು, ಮುರುಡೇಶ್ವರ, ಇಡಗುಂಜಿ, ಗೋಕರ್ಣ ಇಷ್ಟನ್ನೂ ನೋಡಲು 7 ದಿನ ಇಟ್ಟುಕೊಳ್ಳಿ. ನಾಲ್ಕು ದಿನದಲ್ಲಿ ಮುಗಿಸಿದೆವು ಎನ್ನುವವರಿದ್ದಾರೆ. ಅವರು ನೋಡಿದ್ದರಲ್ಲಿ ಅರ್ಧ ಮುಚ್ಚಿದ ಬಾಗಿಲು, ಇನ್ನರ್ಧ ವಾಹನದ ಕಿಟಕಿ.

ದಿನಕ್ಕೆ ಎರಡು ದೊಡ್ಡ ಕ್ಷೇತ್ರ, ಅದಕ್ಕಿಂತ ಹೆಚ್ಚು ಬೇಡ. ಈ ದೇವಸ್ಥಾನಗಳಲ್ಲಿ ಹೆಚ್ಚಿನವು ಮಧ್ಯಾಹ್ನ ಮುಚ್ಚುತ್ತವೆ. ಒಂದೊಂದು ಕಡೆ ಒಂದೊಂದು ಸಮಯ, ವಿಶೇಷ ದಿನಗಳಲ್ಲಿ ಅದೂ ಬದಲಾಗುತ್ತದೆ. ಬೆಳಗ್ಗೆ 7ರಿಂದ 12, ಸಂಜೆ 5.30ರಿಂದ 7.30 ಎಂದು ಹಿಡಿದುಕೊಂಡರೆ ಎಲ್ಲಿಯೂ ಮೋಸವಾಗುವುದಿಲ್ಲ. ಬೆಳಗಿಗೆ ಒಂದು, ಸಂಜೆಗೆ ಒಂದು, ನಡುವಿನ ಹೊತ್ತು ಪ್ರಯಾಣಕ್ಕೆ ಮತ್ತು ಊಟಕ್ಕೆ. ಈ ಲೆಕ್ಕ ತಪ್ಪಿಸಿ "ಒಂದು ಗಂಟೆಗೆ ತಲುಪಿದರೆ ಸಾಕು" ಎಂದು ಹೊರಟವರು ಮೂರು ಗಂಟೆ ಹೊರಗೆ ಕಾಯುತ್ತಾರೆ. ಆ ವಿಳಂಬ ಮುಂದಿನ ಘಾಟಿಯನ್ನು ಕತ್ತಲಿಗೆ ತಳ್ಳುತ್ತದೆ.

ದಿನವಾರು ಹೇಗೆ ಹಂಚಿಕೊಳ್ಳಬೇಕು?

ಮೊದಲ ದಿನ ಬೆಳಗ್ಗೆ 5ಕ್ಕೆ ಬೆಂಗಳೂರು ಬಿಡಿ. ಕುಣಿಗಲ್, ಚನ್ನರಾಯಪಟ್ಟಣ, ಹಾಸನ, ಸಕಲೇಶಪುರ ದಾಟಿ ಶಿರಾಡಿ ಘಾಟಿ ಇಳಿದು ಗುಂಡ್ಯದಲ್ಲಿ ತಿರುಗಿದರೆ ಕುಕ್ಕೆ. ಸುಮಾರು 280 ಕಿ.ಮೀ. ಮಧ್ಯಾಹ್ನದ ಹೊತ್ತಿಗೆ ತಲುಪಿ, ಊಟ ಮಾಡಿ, ಮಲಗೆದ್ದು, ಸಂಜೆ ದರ್ಶನ ಮಾಡಿ. ವಾಸ ಅಲ್ಲಿಯೇ.

ಎರಡನೆಯ ದಿನ ಬೆಳಗ್ಗೆ ಸೇವೆ ಇದ್ದರೆ ಮುಗಿಸಿಕೊಂಡು ಧರ್ಮಸ್ಥಳಕ್ಕೆ. 60 ಕಿ.ಮೀ. ಒಳಗೆ, ಒಂದೂವರೆ ಗಂಟೆ ದಾರಿ. ಸಂಜೆ ದರ್ಶನ. ಸಮಯ ಉಳಿದರೆ 39 ಅಡಿಯ ಬಾಹುಬಲಿ ಮೂರ್ತಿ ಮತ್ತು ಮಂಜೂಷಾ ವಸ್ತುಸಂಗ್ರಹಾಲಯ.

ಮೂರನೆಯ ದಿನ ಉಜಿರೆ, ಚಾರ್ಮಾಡಿ ಘಾಟಿ, ಕೊಟ್ಟಿಗೆಹಾರ, ಕಳಸ ದಾಟಿ ಹೊರನಾಡು. ದೂರ 100 ಕಿ.ಮೀ. ಆಸುಪಾಸು, ಆದರೆ ಮೂರೂವರೆ ಗಂಟೆ ಹಿಡಿಯುತ್ತದೆ. ದಾರಿಯಲ್ಲೇ ಇರುವ ಕಳಸದ ಕಳಸೇಶ್ವರನನ್ನು ಬಿಡಬೇಡಿ.

ನಾಲ್ಕನೆಯ ದಿನ ಅನ್ನಪೂರ್ಣೇಶ್ವರಿಯ ಬೆಳಗಿನ ದರ್ಶನ ಮುಗಿಸಿ 8.30ಕ್ಕೆ ಹೊರಡಿ. ಬಸರೀಕಟ್ಟೆ, ಜಯಪುರದ ಮೇಲೆ ಶೃಂಗೇರಿ ಎರಡೂವರೆ ಗಂಟೆ. ಶಾರದಾಂಬೆಯ ದರ್ಶನ, ಭೋಜನ ಪ್ರಸಾದ ಆದ ಮೇಲೆ 3 ಗಂಟೆಗೆ ಹೊರಟರೆ ಆಗುಂಬೆ ಇಳಿದು ಸಂಜೆ ಉಡುಪಿ ಸೇರಬಹುದು. ಆಗುಂಬೆಯಲ್ಲಿ ಸೂರ್ಯಾಸ್ತಕ್ಕೆ ನಿಲ್ಲುವ ಆಸೆ ಎಲ್ಲರಿಗೂ. ನಿಂತರೆ 14 ತಿರುವುಗಳನ್ನು ಕತ್ತಲಲ್ಲಿ ಇಳಿಯಬೇಕು. ಸೂರ್ಯಾಸ್ತ ಬೇಕೇ ಬೇಕು ಎನ್ನುವವರು ಯಾತ್ರೆಗೆ ಒಂದು ದಿನ ಸೇರಿಸಿ, ಶೃಂಗೇರಿಗೆ ಹಿಂತಿರುಗಿ ಮಲಗುವುದು ಮೇಲು.

ಐದನೆಯ ದಿನ ಬೆಳಗ್ಗೆ ಉಡುಪಿ ಕೃಷ್ಣ. ನಂತರ ಕುಂಭಾಶಿಯ ಆನೆಗುಡ್ಡೆ ವಿನಾಯಕ, ಸಂಜೆ ಕೊಲ್ಲೂರು. ಒಟ್ಟು 80 ಕಿ.ಮೀ. ಮಾತ್ರ. ಇದು ಮೈ ಸುಧಾರಿಸಿಕೊಳ್ಳುವ ದಿನ.

ಆರನೆಯ ದಿನ ಬೈಂದೂರಿನ ಮೇಲೆ ಮುರುಡೇಶ್ವರ, ಇಡಗುಂಜಿ, ಸಂಜೆಗೆ ಗೋಕರ್ಣ. ಏಳನೆಯ ದಿನ ಬೆಳಗ್ಗೆ ಗೋಕರ್ಣ ದರ್ಶನ ಮುಗಿಸಿ ಹೊನ್ನಾವರ, ಗೇರುಸೊಪ್ಪೆ, ಸಾಗರ, ಶಿವಮೊಗ್ಗ, ತುಮಕೂರಿನ ಮೇಲೆ ಮನೆಗೆ. ಈ ಕೊನೆಯ ದಾರಿ 490 ಕಿ.ಮೀ. ಹತ್ತಿರ, 11 ಗಂಟೆಗೆ ಕಡಿಮೆ ಇಲ್ಲ. ವಯಸ್ಸಾದವರಿದ್ದರೆ ಶಿವಮೊಗ್ಗದಲ್ಲಿ ರಾತ್ರಿ ಉಳಿಯಿರಿ.

ನಮಗೆ ನಾಲ್ಕೇ ದಿನ ರಜೆ. ಯಾವುದನ್ನು ಬಿಡಬೇಕು?

ಕೊಲ್ಲೂರು ಮತ್ತು ಅಲ್ಲಿಂದ ಉತ್ತರಕ್ಕೆ ಇರುವುದನ್ನೆಲ್ಲ ಬಿಡಿ. ಹೊರನಾಡು, ಶೃಂಗೇರಿ, ಉಡುಪಿ, ಧರ್ಮಸ್ಥಳ, ಕುಕ್ಕೆ ಎಂದು ಬಳೆಯಂತೆ ಸುತ್ತಿ ಮನೆಗೆ ಬನ್ನಿ. ಮುರುಡೇಶ್ವರ, ಗೋಕರ್ಣವನ್ನು ಶಿವಮೊಗ್ಗದ ಕಡೆಯಿಂದ ಇನ್ನೊಂದು ಸಲ, ಎರಡು ದಿನದಲ್ಲಿ ಮಾಡಬಹುದು.

ಕುಕ್ಕೆ ಮೊದಲೋ, ಧರ್ಮಸ್ಥಳ ಮೊದಲೋ?

ಬರೀ ದರ್ಶನಕ್ಕೆ ಹೋಗುವವರು ದಾರಿಗೆ ಅನುಕೂಲವಾದಂತೆ ಹೋಗಬಹುದು. ನಾಗಸೇವೆ ಮಾಡಿಸುವವರ ಮಾತು ಬೇರೆ. ಸರ್ಪ ಸಂಸ್ಕಾರ ಮಾಡಿಸಿದ ಮೇಲೆ ಬೇರೆಯವರ ಮನೆಗೆ ಹೋಗದೆ ನೇರ ಸ್ವಂತ ಮನೆಗೆ ಹಿಂತಿರುಗುವ ಪದ್ಧತಿ ಬಹಳ ಕುಟುಂಬಗಳಲ್ಲಿದೆ. ನಿಮ್ಮ ಮನೆಯ ಹಿರಿಯರು ಹಾಗೆ ನಡೆದುಕೊಂಡು ಬಂದಿದ್ದರೆ ಯಾತ್ರೆಯನ್ನು ಹಿಂದುಮುಂದು ಮಾಡಿ, ಕುಕ್ಕೆಯನ್ನು ಕೊನೆಗೆ ಇಟ್ಟುಕೊಳ್ಳಿ. ಮೇಲೆ ಹೇಳಿದ ನಾಲ್ಕು ದಿನದ ಸುತ್ತು ಇದಕ್ಕೆ ಸರಿಯಾಗಿ ಹೊಂದುತ್ತದೆ.

ಸರ್ಪ ಸಂಸ್ಕಾರ, ಆಶ್ಲೇಷಾ ಬಲಿ ಇವನ್ನು ಯಾತ್ರೆಯ ನಡುವೆ ಸೇರಿಸಬಹುದೇ?

ಆಶ್ಲೇಷಾ ಬಲಿಯನ್ನು ಸೇರಿಸಬಹುದು. ತಂಡತಂಡವಾಗಿ ಕೂರಿಸಿ ಮಾಡಿಸುತ್ತಾರೆ, ಅರ್ಧ ದಿನದೊಳಗೆ ಮುಗಿಯುತ್ತದೆ. ಆಶ್ಲೇಷಾ ನಕ್ಷತ್ರದ ದಿನ ಮತ್ತು ಷಷ್ಠಿಯಂದು ಜನ ಕಿಕ್ಕಿರಿಯುತ್ತಾರೆ. ಆ ದಿನವೇ ಬೇಕು ಎಂದರೆ ಹಿಂದಿನ ರಾತ್ರಿಯೇ ಅಲ್ಲಿರಬೇಕು.

ಸರ್ಪ ಸಂಸ್ಕಾರವನ್ನು ಸೇರಿಸಬೇಡಿ. ಅದು ಎರಡು ದಿನದ ವಿಧಿ. ಬಹಳ ಮುಂಚೆ ಕಾಯ್ದಿರಿಸಬೇಕು, ಏಕಾದಶಿಯಂಥ ಉಪವಾಸದ ದಿನಗಳಲ್ಲಿ ನಡೆಯುವುದಿಲ್ಲ. ಕರ್ತೃಗಳು ಎರಡೂ ದಿನ ಅಲ್ಲಿನ ನೇಮಕ್ಕೆ ಒಳಪಟ್ಟಿರಬೇಕಾಗುತ್ತದೆ. ವಾಹನದಲ್ಲಿ ಹನ್ನೆರಡು ಜನ ಕಾಯುತ್ತಿದ್ದರೆ ಸೇವೆ ಮಾಡುವವರ ಮನಸ್ಸೂ ನಿಲ್ಲುವುದಿಲ್ಲ, ಕಾಯುವವರ ಸಹನೆಯೂ ಉಳಿಯುವುದಿಲ್ಲ. ಸರ್ಪ ಸಂಸ್ಕಾರಕ್ಕೆಂದೇ ಬೇರೆಯಾಗಿ ಹೋಗಿಬನ್ನಿ.

ಯಾವ ತಿಂಗಳು ಒಳ್ಳೆಯದು?

ನವೆಂಬರ್ ಮಧ್ಯದಿಂದ ಫೆಬ್ರುವರಿ ಕೊನೆಯವರೆಗೆ ರಸ್ತೆ, ಹವೆ ಎರಡೂ ಚೆನ್ನ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಘಾಟಿಗಳನ್ನು ನಂಬುವ ಹಾಗಿಲ್ಲ. 2018ರ ಆಗಸ್ಟ್‌ನಲ್ಲಿ ಶಿರಾಡಿ, 2019ರ ಆಗಸ್ಟ್‌ನಲ್ಲಿ ಚಾರ್ಮಾಡಿ ಭೂಕುಸಿತದಿಂದ ಮುಚ್ಚಿದ್ದವು. ಮಳೆಗಾಲದಲ್ಲಿ ಚಾರ್ಮಾಡಿಯಲ್ಲಿ ರಾತ್ರಿ ಸಂಚಾರ ನಿಲ್ಲಿಸುವುದೂ ಉಂಟು. ಆ ತಿಂಗಳುಗಳಲ್ಲೇ ಹೋಗಬೇಕಾಗಿ ಬಂದರೆ ಹೊರಡುವ ಹಿಂದಿನ ಸಂಜೆ ಆಯಾ ಜಿಲ್ಲಾಡಳಿತದ ಪ್ರಕಟಣೆ ನೋಡಿಕೊಳ್ಳಿ. ಕುಮಾರಧಾರಾ, ನೇತ್ರಾವತಿ ತುಂಬಿ ಹರಿಯುತ್ತಿದ್ದರೆ ನದಿಗೆ ಇಳಿಯಬೇಡಿ. ಕೊಠಡಿಯಲ್ಲಿ ಸ್ನಾನ ಮಾಡಿ, ನೀರನ್ನು ತಲೆಗೆ ಪ್ರೋಕ್ಷಿಸಿಕೊಂಡರೆ ಸಾಕು.

ಜನಸಂದಣಿ ಬೇಡದವರು ತಪ್ಪಿಸಬೇಕಾದ ದಿನಗಳು: ಕುಕ್ಕೆಯಲ್ಲಿ ಮಾರ್ಗಶಿರ ಶುದ್ಧ ಷಷ್ಠಿಯ ಚಂಪಾ ಷಷ್ಠಿ, ಧರ್ಮಸ್ಥಳದಲ್ಲಿ ಕಾರ್ತಿಕದ ಲಕ್ಷದೀಪೋತ್ಸವ, ಧರ್ಮಸ್ಥಳ ಮತ್ತು ಗೋಕರ್ಣದಲ್ಲಿ ಶಿವರಾತ್ರಿ, ಶೃಂಗೇರಿ ಮತ್ತು ಕೊಲ್ಲೂರಿನಲ್ಲಿ ನವರಾತ್ರಿ. ಸಮ ಸಂಖ್ಯೆಯ ವರ್ಷಗಳಲ್ಲಿ ಜನವರಿ 18ರ ಆಸುಪಾಸು ಉಡುಪಿಯಲ್ಲಿ ಪರ್ಯಾಯ, ಅಂದರೆ ಕೃಷ್ಣಪೂಜೆಯ ಹೊಣೆ ಒಂದು ಮಠದಿಂದ ಇನ್ನೊಂದಕ್ಕೆ ಹೋಗುವ ಉತ್ಸವ. ಆಗ ನಗರದೊಳಗೆ ವಾಹನ ಹೋಗುವುದೂ ಕಷ್ಟ, ಕೊಠಡಿ ಸಿಗುವುದೂ ಕಷ್ಟ. ಡಿಸೆಂಬರ್ ಕೊನೆಯ ವಾರ, ಶನಿವಾರ ಭಾನುವಾರ ಎಲ್ಲೆಡೆಯೂ ಜಾತ್ರೆಯೇ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಬಸ್ಸಿನಲ್ಲಿ ಬರುವ ಮಹಿಳೆಯರ ಸಂಖ್ಯೆ ಹೆಚ್ಚಿದೆ. ಹಾಗಾಗಿ ವಾರದ ದಿನವೆಂದರೆ ಸರದಿ ಖಾಲಿ ಎಂದು ಭಾವಿಸಬೇಡಿ. ಮಂಗಳವಾರ ಬುಧವಾರ ಬೆಳಗ್ಗೆ 7ಕ್ಕೆ ನಿಂತವರಿಗೂ 10ಕ್ಕೆ ನಿಂತವರಿಗೂ ಬಹಳ ವ್ಯತ್ಯಾಸವಿದೆ.

ದಿನಾಂಕ ಗೊತ್ತು ಮಾಡುವ ಮುನ್ನ ಪಂಚಾಂಗದಲ್ಲಿ ಗ್ರಹಣ ಮತ್ತು ಏಕಾದಶಿ ನೋಡಿ. ಗ್ರಹಣದಂದು ದರ್ಶನದ ಸಮಯ ಪೂರ್ತಿ ಏರುಪೇರಾಗುತ್ತದೆ. ಏಕಾದಶಿಯಂದು ಉಡುಪಿ ಕೃಷ್ಣಮಠದಲ್ಲಿ ಅನ್ನಪ್ರಸಾದ ಇರುವುದಿಲ್ಲ.

ಟೆಂಪೋ ಟ್ರಾವೆಲರ್ ಬಾಡಿಗೆ ಲೆಕ್ಕ ಹೇಗೆ? ಕೊನೆಗೆ ಹೇಳಿದ್ದಕ್ಕಿಂತ ಹೆಚ್ಚು ಬಿಲ್ ಆಗುವುದೇಕೆ?

ಇಲ್ಲಿಯೇ ಹೆಚ್ಚಿನ ಮನಸ್ತಾಪ ಹುಟ್ಟುವುದು. ಹೊರ ಊರಿನ ಬಾಡಿಗೆಗೆ ಸಾಮಾನ್ಯವಾಗಿ ದಿನಕ್ಕೆ ಕನಿಷ್ಠ 250 ಅಥವಾ 300 ಕಿ.ಮೀ. ಎಂದು ಕಟ್ಟುತ್ತಾರೆ. ನೀವು 60 ಕಿ.ಮೀ. ಓಡಿಸಿದರೂ 300ಕ್ಕೆ ದುಡ್ಡು. ಈ ಯಾತ್ರೆಯ ನಿಜವಾದ ಓಟ, ಊರೊಳಗಿನ ಸುತ್ತಾಟ ಸೇರಿ 1,350ರಿಂದ 1,400 ಕಿ.ಮೀ. ಆದರೆ 7 ದಿನಕ್ಕೆ 300ರಂತೆ 2,100 ಕಿ.ಮೀ. ಆಗುತ್ತದೆ. ಓಡದ 700 ಕಿ.ಮೀ.ಗೆ ನೀವು ಹಣ ಕೊಟ್ಟಂತೆ. ಅದಕ್ಕೇ ದಿನವಾರು ಪಟ್ಟಿ ಮುಂದಿಟ್ಟು "ಏಳು ದಿನಕ್ಕೆ ಒಟ್ಟು ಇಷ್ಟು" ಎಂದು ಮಾತಾಡಿ. ಡ್ರೈವರ್ ಬಾಡಿಗೆ ಗಾಡಿಯಲ್ಲಿ ಏಳು ದಿನ ಇರುವುದೂ ಒಂದು ಖರ್ಚು ತಾನೇ. ಆದ್ದರಿಂದ ಪೂರ್ತಿ 700 ಕಿ.ಮೀ. ಬಿಟ್ಟುಕೊಡಲಿ ಎಂದು ಹಟ ಹಿಡಿಯುವುದು ನ್ಯಾಯವಲ್ಲ. ನಡುವಿನ ಮೊತ್ತಕ್ಕೆ ಒಪ್ಪುವ ಮಾಲೀಕರು ಸಿಗುತ್ತಾರೆ.

ಮಾತಾಡುವಾಗ ಇವು ಬಾಯಿಮಾತಿನಲ್ಲಲ್ಲ, ವಾಟ್ಸ್‌ಆ್ಯಪ್‌ನಲ್ಲಿ ಬರಹದಲ್ಲಿರಲಿ: ಕಿ.ಮೀ. ಎಣಿಕೆ ಅವರ ಗ್ಯಾರೇಜಿನಿಂದಲೋ ನಿಮ್ಮ ಮನೆಯಿಂದಲೋ, ಮಧ್ಯರಾತ್ರಿ ದಾಟಿದರೆ ಇನ್ನೊಂದು ದಿನದ ಬಾಡಿಗೆಯೋ, ಡ್ರೈವರ್ ಬಾಟಾ (ದಿನದ ಭತ್ಯೆ) ಎಷ್ಟು, ಟೋಲ್ ಮತ್ತು ಪಾರ್ಕಿಂಗ್ ಯಾರದು, ಘಾಟಿಯಲ್ಲಿ ಎ.ಸಿ. ಆರಿಸುತ್ತಾರೆಯೇ, ಗಾಡಿ ಕೆಟ್ಟರೆ ಬದಲಿ ಕೊಡುತ್ತಾರೆಯೇ. ಹೊರಡುವಾಗ ಮೀಟರಿನ ಫೋಟೋ ತೆಗೆದುಕೊಳ್ಳಿ.

ಹಳದಿ ಬೋರ್ಡಿನ ಗಾಡಿಯನ್ನೇ ಹಿಡಿಯಿರಿ. ಬಿಳಿ ಬೋರ್ಡಿನದನ್ನು ಬಾಡಿಗೆಗೆ ಓಡಿಸುವುದು ಕಾನೂನುಬಾಹಿರ. ಅಪಘಾತವಾದರೆ ವಿಮೆ ಕೈಕೊಡುತ್ತದೆ. 12 ಸೀಟಿನ ಗಾಡಿಗೆ 9ರಿಂದ 10 ಜನ ಸರಿ. ಹನ್ನೆರಡೂ ಸೀಟು ತುಂಬಿದರೆ ಗಂಟುಮೂಟೆ ಕಾಲಡಿ ಬರುತ್ತದೆ, ಮಂಡಿನೋವಿನವರಿಗೆ ಏಳು ದಿನ ಅದೊಂದು ಶಿಕ್ಷೆ.

ಡ್ರೈವರ್‌ಗೆ ಮಲಗುವ ಜಾಗ ನಾವು ಕೊಡಬೇಕೇ?

ಬಾಟಾದಲ್ಲಿ ಸೇರಿದೆ ಎಂದು ಮಾಲೀಕರು ಹೇಳಬಹುದು. ಹಾಗೆ ಬಿಟ್ಟರೆ ಅವರು ಗಾಡಿಯಲ್ಲೇ ಸೊಳ್ಳೆಗಳ ನಡುವೆ ಮಲಗುತ್ತಾರೆ. ಮರುದಿನ ನಿಮ್ಮ ಇಡೀ ಸಂಸಾರವನ್ನು ಘಾಟಿ ಇಳಿಸಬೇಕಾದವರು ಅವರೇ. ಕೊಠಡಿ ಕಾಯ್ದಿರಿಸುವಾಗಲೇ ಅವರಿಗೂ ಒಂದು ಹಾಸಿಗೆ ಹಿಡಿಯಿರಿ. ಏಳು ಗಂಟೆ ನಿದ್ದೆ ಸಿಗುವಂತೆ ಹೊರಡುವ ಹೊತ್ತು ಗೊತ್ತು ಮಾಡಿ, ದರ್ಶನಕ್ಕೂ ಬಿಡುವು ಕೊಡಿ.

ಘಾಟಿಗಳಲ್ಲಿ ಏನು ಜಾಗ್ರತೆ ಬೇಕು?

ವೇಗದ ಲೆಕ್ಕ ಮೊದಲು ಸರಿಯಾಗಬೇಕು. ಮೊಬೈಲ್ ನಕ್ಷೆ ಹೇಳುವ ಸಮಯಕ್ಕೆ ಘಾಟಿಯಿರುವ ದಿನ ಮೂರನೇ ಒಂದು ಭಾಗ ಸೇರಿಸಿ. ಘಾಟಿಯೊಳಗೆ ಗಂಟೆಗೆ 25ರಿಂದ 30 ಕಿ.ಮೀ. ಸಿಕ್ಕರೆ ಹೆಚ್ಚು.

ಇಳಿಜಾರಿನಲ್ಲಿ ಬ್ರೇಕ್ ಮೇಲೆ ಕಾಲಿಟ್ಟುಕೊಂಡೇ ಇಳಿದರೆ ಬ್ರೇಕ್ ಕಾದು ಹಿಡಿತ ಬಿಡುತ್ತದೆ. ಸುಟ್ಟ ವಾಸನೆ ಅದರ ಮೊದಲ ಸೂಚನೆ. ಹತ್ತಲು ಯಾವ ಗೇರು ಬೇಕಾಗುತ್ತದೋ ಅದೇ ಗೇರಿನಲ್ಲಿ ಇಳಿಯಬೇಕು, ಹೆಚ್ಚಾಗಿ ಎರಡನೆಯದು. ನ್ಯೂಟ್ರಲ್‌ನಲ್ಲಿ ಜಾರಿಸಿ ಡೀಸೆಲ್ ಉಳಿಸುವ ಚಾಳಿ ಇರುವ ಡ್ರೈವರ್‌ಗೆ ಮೊದಲ ಘಾಟಿಯಲ್ಲೇ ನಿಲ್ಲಿಸಿ ಹೇಳಿ. ವಾಸನೆ ಬಂದರೆ ಅಗಲ ಜಾಗ ನೋಡಿ ಇಪ್ಪತ್ತು ನಿಮಿಷ ನಿಲ್ಲಿಸಿ. ಕಾದ ಚಕ್ರಕ್ಕೆ ನೀರು ಎರಚಬೇಡಿ, ಡಿಸ್ಕ್ ಬಾಗುತ್ತದೆ.

ಆಗುಂಬೆ ಘಾಟಿಯ ತಿರುವುಗಳು ದೊಡ್ಡ ಬಸ್ಸಿಗೆ ಹೇಳಿದ್ದಲ್ಲ, ಅಲ್ಲಿ ಭಾರಿ ವಾಹನಗಳಿಗೆ ನಿರ್ಬಂಧವೂ ಇದೆ. ದೊಡ್ಡ ಬಸ್ಸಿನಲ್ಲಿ ಹೋಗುವವರು ಶೃಂಗೇರಿಯಿಂದ ಕೆರೆಕಟ್ಟೆ, ಎಸ್.ಕೆ. ಬಾರ್ಡರ್, ಬಜಗೋಳಿ, ಕಾರ್ಕಳದ ಮೇಲೆ ಉಡುಪಿಗೆ ಇಳಿಯಬೇಕು. ಅದು ಕುದುರೆಮುಖ ರಾಷ್ಟ್ರೀಯ ಉದ್ಯಾನದ ದಾರಿ. ತಪಾಸಣೆ ಗೇಟುಗಳಿವೆ, ನಡುವೆ ನಿಲ್ಲಿಸಿ ಊಟ ಬಿಚ್ಚುವಂತಿಲ್ಲ.

ಕೊಟ್ಟಿಗೆಹಾರ ಬಿಟ್ಟ ಮೇಲೆ ಕಳಸದವರೆಗೆ ಪೆಟ್ರೋಲ್ ಬಂಕ್ ಸಿಗುತ್ತದೆಂದು ನೆಚ್ಚಿಕೊಳ್ಳಬೇಡಿ, ಉಜಿರೆಯಲ್ಲೇ ತುಂಬಿಸಿ. ಚಾರ್ಮಾಡಿ, ಹೊರನಾಡು, ಆಗುಂಬೆ ಕಡೆ ನೆಟ್‌ವರ್ಕ್ ಹೋಗಿಬರುವುದರಿಂದ ನಕ್ಷೆಯನ್ನು ಮೊದಲೇ ಇಳಿಸಿಕೊಂಡಿರಿ. ನಗದು ಐದಾರು ಸಾವಿರವಾದರೂ ಇರಲಿ, ಯುಪಿಐ ಒಂದನ್ನೇ ನಂಬಿ ಕೂರಬೇಡಿ.

ಮಕ್ಕಳಿಗೆ, ಕೆಲವರಿಗೆ ದೊಡ್ಡವರಿಗೂ ವಾಂತಿ. ಏನು ಮಾಡುವುದು?

ಹಿಂದಿನ ಸೀಟು ಹೆಚ್ಚು ಎತ್ತಿ ಹಾಕುತ್ತದೆ. ಹೊಟ್ಟೆ ತೊಳೆಸುವವರನ್ನು ಮುಂದೆ, ರಸ್ತೆ ಕಾಣುವಂತೆ ಕೂರಿಸಿ. ಮೊಬೈಲ್ ನೋಡುವುದು ಘಾಟಿಯಲ್ಲಿ ಬೇಡವೇ ಬೇಡ. ಖಾಲಿ ಹೊಟ್ಟೆಯೂ ತಪ್ಪು, ಪೂರಿ ವಡೆ ತಿಂದು ಹತ್ತುವುದೂ ತಪ್ಪು. ಎರಡು ಇಡ್ಲಿ ಸಾಕು. ವೈದ್ಯರು ಬರೆದುಕೊಟ್ಟ ಮಾತ್ರೆಯನ್ನು ಘಾಟಿ ಶುರುವಾದ ಮೇಲಲ್ಲ, ಅರ್ಧ ಗಂಟೆ ಮುಂಚೆ ಕೊಡಬೇಕು. ಶಿರಾಡಿಗೆ ಸಕಲೇಶಪುರಕ್ಕೆ ಮೊದಲು, ಚಾರ್ಮಾಡಿಗೆ ಧರ್ಮಸ್ಥಳ ಬಿಡುವಾಗಲೇ.

ಕೊಠಡಿ ಎಲ್ಲಿ, ಹೇಗೆ ಕಾಯ್ದಿರಿಸಬೇಕು?

ಕುಕ್ಕೆ, ಧರ್ಮಸ್ಥಳ, ಹೊರನಾಡು, ಶೃಂಗೇರಿ, ಕೊಲ್ಲೂರಿನಲ್ಲಿ ದೇವಸ್ಥಾನದ್ದೇ ವಸತಿಗೃಹಗಳಿವೆ. ಸ್ವಚ್ಛ, ಅಗ್ಗ, ದರ್ಶನಕ್ಕೆ ಹತ್ತಿರ. ಆದರೆ ಬಹುಪಾಲು 24 ಗಂಟೆಗೆ ಕೊಡುವಂಥವು, ಎಲ್ಲರ ಆಧಾರ್ ಕೇಳುತ್ತಾರೆ, ಒಬ್ಬರೇ ಬಂದರೆ ಕೊಡದ ಕಡೆಗಳಿವೆ. ಉಡುಪಿ, ಗೋಕರ್ಣದಲ್ಲಿ ಖಾಸಗಿ ಹೋಟೆಲ್ ಹೇರಳ. ಉಡುಪಿಯಲ್ಲಿ ರಥಬೀದಿಗೆ ನಡೆದುಹೋಗುವಷ್ಟು ದೂರದಲ್ಲೇ ಹಿಡಿಯಿರಿ.

ಒಂದು ಎಚ್ಚರಿಕೆ. ದೇವಸ್ಥಾನದ ಹೆಸರಿನಲ್ಲೇ ನಕಲಿ ಜಾಲತಾಣ ಮಾಡಿ ಕೊಠಡಿಗೆ ಮುಂಗಡ ಕೀಳುವವರಿದ್ದಾರೆ. ಹುಡುಕಿದಾಗ ಮೊದಲು ಕಾಣುವ ಜಾಹೀರಾತನ್ನು ಒತ್ತಬೇಡಿ. ವ್ಯಕ್ತಿಯ ಹೆಸರಿನ ಯುಪಿಐಗೆ ಹಣ ಹಾಕಿ ಎಂದರೆ ಅದು ಮೋಸವೇ. ಕುಕ್ಕೆ, ಕೊಲ್ಲೂರು ಮುಜರಾಯಿ ಇಲಾಖೆಗೆ ಸೇರಿದವು. ಅಲ್ಲಿ ಸೇವೆ, ಕೊಠಡಿ ಎರಡಕ್ಕೂ ಅಧಿಕೃತ ರಸೀದಿ ಬರುತ್ತದೆ.

ಉಡುಪು ಹೇಗಿರಬೇಕು?

ಗಂಡಸರು ಕುಕ್ಕೆ, ಧರ್ಮಸ್ಥಳ, ಉಡುಪಿ, ಹೊರನಾಡು, ಕೊಲ್ಲೂರಿನಲ್ಲಿ ಅಂಗಿ ತೆಗೆಯಬೇಕು. ಹೊರನಾಡಿನಲ್ಲಿ ಹೆಗಲಿಗೆ ಶಲ್ಯ ಬೇಕು. ಗೋಕರ್ಣದಲ್ಲಿ ಆತ್ಮಲಿಂಗ ಮುಟ್ಟಬೇಕೆಂದರೆ ಪಂಚೆ. ತೆಳು ಹತ್ತಿಯ ಎರಡು ಪಂಚೆ, ಎರಡು ಶಲ್ಯ ಇದ್ದರೆ ಒಂದು ಒಣಗುವಷ್ಟರಲ್ಲಿ ಇನ್ನೊಂದು ಸಿದ್ಧ. ಹೆಂಗಸರಿಗೆ ಸೀರೆ ಅಥವಾ ದುಪಟ್ಟಾ ಇರುವ ಚೂಡಿದಾರ. ಬರ್ಮುಡಾ, ಹರಿದ ಜೀನ್ಸ್ ಹಾಕಿಕೊಂಡವರನ್ನು ಬಾಗಿಲಲ್ಲೇ ನಿಲ್ಲಿಸಿದಾಗ ಇಡೀ ತಂಡವೇ ಕಾಯಬೇಕಾಗುತ್ತದೆ.

ಉಡುಪಿಯಲ್ಲಿ, ಗೋಕರ್ಣದಲ್ಲಿ ದರ್ಶನಕ್ಕೆ ಕ್ರಮವಿದೆಯೇ?

ಇದೆ. ಉಡುಪಿಯಲ್ಲಿ ಮೊದಲು ಚಂದ್ರಮೌಳೀಶ್ವರ, ಅನಂತೇಶ್ವರ, ಆಮೇಲೆ ಕೃಷ್ಣ. ಎರಡೂ ಗುಡಿ ರಥಬೀದಿಯಲ್ಲೇ ಇವೆ. ಕೃಷ್ಣನನ್ನು ನೋಡುವುದು ಒಂಬತ್ತು ರಂಧ್ರಗಳ ನವಗ್ರಹ ಕಿಂಡಿಯಿಂದ. ಹೊರಗಿನಿಂದ ಕನಕನ ಕಿಂಡಿ. ಸರದಿ ಕದಲುತ್ತಲೇ ಇರುತ್ತದೆ, ಕಿಂಡಿಯ ಮುಂದೆ ಸಿಗುವುದು ಕೆಲವೇ ಕ್ಷಣ. ಕನ್ನಡಕ ಒರೆಸಿಕೊಂಡು, ಮಗುವನ್ನು ಎತ್ತಿಕೊಂಡು ಸಿದ್ಧವಾಗಿರಿ.

ಗೋಕರ್ಣದಲ್ಲಿ ಸಮುದ್ರಸ್ನಾನ, ಕೋಟಿತೀರ್ಥ, ಮಹಾಗಣಪತಿ, ಕೊನೆಗೆ ಮಹಾಬಲೇಶ್ವರ. ರಾವಣನ ಕೈಯಿಂದ ಆತ್ಮಲಿಂಗವನ್ನು ಇಲ್ಲಿ ಉಳಿಸಿಕೊಟ್ಟವನು ಗಣಪತಿಯಾದ್ದರಿಂದ ಅವನಿಗೆ ಮೊದಲ ನಮಸ್ಕಾರ. ಸಮುದ್ರದಲ್ಲಿ ಮೊಣಕಾಲು ಮುಳುಗುವಷ್ಟು ನೀರಿನಲ್ಲೇ ಮುಳುಗು ಹಾಕಿ, ಸೆಳೆತ ಮೇಲೆ ಕಾಣುವುದಿಲ್ಲ.

ಆತ್ಮಲಿಂಗದ ಪಂಚ ಕ್ಷೇತ್ರಗಳನ್ನು ಒಂದೇ ದಿನ ಮಾಡಬಹುದೇ?

ಗೋಕರ್ಣ, ಮುರುಡೇಶ್ವರ, ಗುಣವಂತೆಯ ಗುಣವಂತೇಶ್ವರ, ಧಾರೇಶ್ವರ, ಕಾರವಾರದ ಶೆಜ್ಜೇಶ್ವರ ಎಂಬ ಐದು. ಗುಣವಂತೆ, ಧಾರೇಶ್ವರ ಎರಡೂ ಮುರುಡೇಶ್ವರದಿಂದ ಗೋಕರ್ಣಕ್ಕೆ ಹೋಗುವ ಹೆದ್ದಾರಿ 66ರ ಬಳಿಯೇ ಇರುವುದರಿಂದ ಆರನೆಯ ದಿನಕ್ಕೆ ನಾಲ್ಕನ್ನು ಸೇರಿಸಬಹುದು. ಶೆಜ್ಜೇಶ್ವರ ಮಾತ್ರ ಗೋಕರ್ಣದಿಂದ ಇನ್ನೂ ಉತ್ತರಕ್ಕೆ. ಐದೂ ಬೇಕೆಂದರೆ ಏಳನೆಯ ದಿನ ಬೆಳಗ್ಗೆ ಕಾರವಾರಕ್ಕೆ ಹೋಗಿ, ಮನೆಗೆ ಎಂಟನೆಯ ದಿನ ಸೇರುವ ಲೆಕ್ಕ ಹಾಕಿ.

ಕೊಡಚಾದ್ರಿ ಸೇರಿಸಬಹುದೇ?

ಕೊಲ್ಲೂರಿನಿಂದ ಜೀಪಿನಲ್ಲಿ ಅರ್ಧ ದಿನ ಬೇಕು. 1,343 ಮೀಟರ್ ಎತ್ತರದ ಆ ಬೆಟ್ಟಕ್ಕೆ ನಿಮ್ಮ ಸ್ವಂತ ಕಾರು ಹತ್ತದು. ಬೆನ್ನುನೋವಿನವರು, ಗರ್ಭಿಣಿಯರು ಹೋಗಬಾರದು, ಜೀಪು ಅಷ್ಟು ಕುಲುಕುತ್ತದೆ.

ಅಜ್ಜ ಅಜ್ಜಿಯರನ್ನು ಕರೆದೊಯ್ಯುತ್ತಿದ್ದೇವೆ. ಎಲ್ಲಿ ಕಷ್ಟವಾಗುತ್ತದೆ?

ಹೊರನಾಡಿನಲ್ಲಿ ಮೆಟ್ಟಿಲು. ಧರ್ಮಸ್ಥಳದಲ್ಲಿ ರಜೆಯ ದಿನ ಗಂಟೆಗಟ್ಟಲೆ ಸರದಿ. ಉಡುಪಿಯಲ್ಲಿ ಪಾರ್ಕಿಂಗ್‌ನಿಂದ ರಥಬೀದಿಯವರೆಗಿನ ನಡಿಗೆ. ಮುರುಡೇಶ್ವರದ ರಾಜಗೋಪುರಕ್ಕೆ ಲಿಫ್ಟ್ ಇದೆ, 123 ಅಡಿಯ ಶಿವನ ಬಳಿಗೆ ಮಾತ್ರ ಹತ್ತಬೇಕು. ಶೃಂಗೇರಿ ಎಲ್ಲಕ್ಕಿಂತ ಸಲೀಸು. ಹಿರಿಯರ ಪ್ರವೇಶಕ್ಕೆ ಬೇರೆ ದಾರಿ ಇದೆಯೇ ಎಂದು ಸರದಿಗೆ ನಿಲ್ಲುವ ಮೊದಲೇ ಸಿಬ್ಬಂದಿಯನ್ನು ಕೇಳಿ, ವಯಸ್ಸಿನ ಗುರುತಿಗೆ ಆಧಾರ್ ಕೈಯಲ್ಲಿರಲಿ.

ಸಕ್ಕರೆ ಕಾಯಿಲೆಯವರು ದರ್ಶನಕ್ಕೆಂದು ಉಪವಾಸವಿರಬೇಡಿ. ಮಾತ್ರೆ ನುಂಗಿ, ತಿನ್ನದೆ ಎರಡು ಗಂಟೆ ಸರದಿಯಲ್ಲಿ ನಿಂತವರೇ ಕುಸಿದು ಬೀಳುವುದು. ಬಿಸ್ಕತ್ತು, ಬೆಲ್ಲದ ತುಂಡು ಕಿಸೆಯಲ್ಲಿರಲಿ. ಏಳು ದಿನದ ಮಾತ್ರೆಗೆ ಮೂರು ದಿನದ್ದು ಹೆಚ್ಚಿಗೆ ಸೇರಿಸಿ, ಅರ್ಧ ಇನ್ನೊಬ್ಬರ ಬ್ಯಾಗಿನಲ್ಲಿಡಿ.

ಯಾತ್ರೆಯ ನಡುವೆ ಮುಟ್ಟಾದರೆ, ಅಥವಾ ಸೂತಕದ ಸುದ್ದಿ ಬಂದರೆ?

ಮುಟ್ಟಿನ ದಿನಗಳಲ್ಲಿ ಗುಡಿಯೊಳಗೆ ಹೋಗದಿರುವ ಆಚರಣೆ ಹೆಚ್ಚಿನ ಮನೆಗಳಲ್ಲಿದೆ. ಹೇಗೆ ನಡೆದುಕೊಳ್ಳಬೇಕೆಂಬುದು ಆ ಹೆಣ್ಣುಮಗಳ ತೀರ್ಮಾನ. ಉಳಿದವರ ಕೆಲಸ, ಅವರು ವಾಹನದಲ್ಲಿ ಬಿಸಿಲಿಗೆ ಕಾಯದಂತೆ ಕೊಠಡಿ, ಊಟ, ಜೊತೆಗೊಬ್ಬರು ಇರುವಂತೆ ನೋಡಿಕೊಳ್ಳುವುದು. ದಿನಾಂಕ ಮುಂದೂಡುವ ಮಾತ್ರೆ ಬೇಕೆನಿಸಿದರೆ ಅಂಗಡಿಯಲ್ಲಿ ಕೇಳಿ ನುಂಗದೆ ವೈದ್ಯರನ್ನು ಕಾಣಿ.

ಹತ್ತಿರದ ದಾಯಾದಿಗಳಲ್ಲಿ ಸಾವಾದರೆ ಯಾತ್ರೆ ಅಲ್ಲಿಗೇ ನಿಲ್ಲಿಸಿ ಹಿಂತಿರುಗುವುದು ವಾಡಿಕೆ. ಕಾಯ್ದಿರಿಸಿದ ಸೇವೆಯನ್ನು ಬೇರೆ ದಿನಕ್ಕೆ ಬದಲಿಸಲು ಸಾಧ್ಯವೇ ಎಂದು ದೇವಸ್ಥಾನದ ಕಚೇರಿಗೆ ಕೂಡಲೇ ಫೋನ್ ಮಾಡಿ ಕೇಳಿ.

ಪ್ರಸಾದ ಮನೆಗೆ ತಲುಪುವಷ್ಟರಲ್ಲಿ ಕೆಡದಂತೆ ತರುವುದು ಹೇಗೆ?

ಹಸಿ ಕಾಯಿತುರಿ ಬೆರೆಸಿದ ಪಂಚಕಜ್ಜಾಯ ಕರಾವಳಿಯ ಸೆಕೆಯಲ್ಲಿ ಮರುದಿನವೇ ಹುಳಿಯಾಗುತ್ತದೆ. ಅದನ್ನು ಅಲ್ಲೇ ಹಂಚಿ ತಿನ್ನಿ. ಲಾಡು, ಒಣ ಪ್ರಸಾದಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡದೆ, ಕಾಗದ ಹಾಸಿದ ಸ್ಟೀಲ್ ಡಬ್ಬಿಯಲ್ಲಿ ಇಡಿ, ಇಲ್ಲದಿದ್ದರೆ ಬೆವರಿ ಬೂಸ್ಟು ಹಿಡಿಯುತ್ತದೆ. ಒಡೆದ ಕಾಯಿಯ ಹೋಳನ್ನು ಸೀಟಿನಡಿ ಮರೆತರೆ ಮೂರನೆಯ ದಿನ ಗಾಡಿಯೆಲ್ಲ ನಾರುತ್ತದೆ. ಕುಕ್ಕೆಯ ಮೃತ್ತಿಕೆ ಪ್ರಸಾದವನ್ನು ಒದ್ದೆ ಪಂಚೆಗಳಿಂದ ದೂರ, ಬೇರೆ ಪುಟ್ಟ ಡಬ್ಬಿಯಲ್ಲಿ ಒಣಗಿದಂತೆಯೇ ತನ್ನಿ. ಯಾವ ಕ್ಷೇತ್ರದ ಕುಂಕುಮ ಯಾವುದೆಂದು ಪೊಟ್ಟಣದ ಮೇಲೆ ಆಗಲೇ ಬರೆದಿಡಿ. ಒಂಬತ್ತು ಕ್ಷೇತ್ರ ಮುಗಿಯುವ ಹೊತ್ತಿಗೆ ಎಲ್ಲ ಪೊಟ್ಟಣವೂ ಒಂದೇ ಥರ ಕಾಣುತ್ತದೆ.